ಚಟ ಕಾದು ಕುಳಿತ ಬೀದಿ

ರಮಝಾನ್ ತಿಂಗಳಲ್ಲಿ ನಮ್ಮ ಮನೆಗಳಲ್ಲಿ ಪ್ರತಿವರ್ಷ ಕಾಣುವ ಒಂದು ಸಂಗತಿಯಿದೆ. ದಿನಕ್ಕೆ ಎರಡು ಪ್ಯಾಕ್ ಸಿಗರೇಟು ಸೇದುವ ಮನುಷ್ಯ ಸಹರಿಯಿಂದ ಇಫ್ತಾರ್‌ವರೆಗೆ ಹದಿಮೂರು ಹದಿನಾಲ್ಕು ಗಂಟೆ ಅದರ ಗೊಡವೆಗೇ ಹೋಗುವುದಿಲ್ಲ. ಅಂಗಡಿಯಲ್ಲಿ ಕೂತು ವ್ಯಾಪಾರ ಮಾಡುತ್ತಾನೆ, ನಮಾಝಿಗೆ ಹೋಗಿ ಬರುತ್ತಾನೆ. ಸ್ವಲ್ಪ ತಲೆನೋವು, ಸ್ವಲ್ಪ ಸಿಡುಕು ಇರಬಹುದು. ಆದರೆ ಕೈ ಜೇಬಿನ ಕಡೆ ಹೋಗುವುದಿಲ್ಲ. ಮಗ್ರಿಬ್ ಅಝಾನ್ ಕೇಳಿ ಒಂದು ಖರ್ಜೂರ, ಒಂದು ಲೋಟ ನೀರು ಒಳಗೆ ಹೋದದ್ದೇ ತಡ, ಹೊರಗೆ ಬಂದು ಕಡ್ಡಿ ಗೀರುತ್ತಾನೆ. ಈದ್ ಮುಗಿದ ಮರುದಿನ ಬೆಳಿಗ್ಗೆ ಚಹಾದ ಕಪ್ಪು ಕೈಗೆ ಬಂದ ಕೂಡಲೇ ಇನ್ನೊಂದು ಕೈಗೆ ಸಿಗರೇಟೂ ಬಂದಿರುತ್ತದೆ. ದೇಹ ಅದೇ, ನಿಕೋಟಿನ್ ಕೂಡ ಅದೇ. ಹಾಗಾದರೆ ಉಪವಾಸದ ಹಗಲಿನಲ್ಲಿ ಆ ಆಸೆ ಎಲ್ಲಿ ಅಡಗಿತ್ತು?

ಇದು ಇಚ್ಛಾಶಕ್ತಿಯ ಮಾತು, ಈಮಾನಿನ ಬಲ ಎನ್ನುವವರಿದ್ದಾರೆ. ಅದು ನಿಜ. ಆದರೆ ಅಷ್ಟೇ ಅಲ್ಲ. ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ರಷ್ಯದ ಇವಾನ್ ಪಾವ್ಲೋವ್‌ನ ನಾಯಿಗಳ ಕಥೆಯನ್ನು ವರ್ಷಕ್ಕೊಮ್ಮೆ ಮಕ್ಕಳಿಗೆ ಹೇಳುತ್ತೇನೆ. ಊಟ ಕೊಡುವ ಮುನ್ನ ಪ್ರತಿಸಲ ಒಂದು ಶಬ್ದ ಕೇಳಿಸಿದರೆ ಕೆಲವು ದಿನಗಳಲ್ಲಿ ಊಟವಿಲ್ಲದೆ ಬರೀ ಶಬ್ದಕ್ಕೇ ನಾಯಿಯ ಬಾಯಲ್ಲಿ ನೀರೂರುತ್ತದೆ. ಶಬ್ದಕ್ಕೂ ಊಟಕ್ಕೂ ಹುಟ್ಟಿನಿಂದ ಬಂದ ಸಂಬಂಧವೇನೂ ಇಲ್ಲ. ಜೊತೆಯಾಗಿ ಬಂದು ಬಂದು ಸಂಬಂಧ ಬೆಳೆಯಿತು. ಮನುಷ್ಯನ ಚಟವೂ ಹೀಗೆಯೇ ಒಂದು ಹೊತ್ತಿಗೆ, ಒಂದು ವಾಸನೆಗೆ, ಒಂದು ತಿರುವಿಗೆ, ಒಬ್ಬ ಗೆಳೆಯನ ಮುಖಕ್ಕೆ ಅಂಟಿಕೊಳ್ಳುತ್ತದೆ. ರಮಝಾನ್ ಆ ಹಳೆಯ ಜೋಡಣೆಗಳನ್ನೆಲ್ಲ ಒಮ್ಮೆಗೇ ಕಳಚಿಡುತ್ತದೆ. ಬೆಳಗಿನ ಚಹಾ ಇಲ್ಲ, ಊಟದ ನಂತರದ ಹೊತ್ತಿಲ್ಲ, ಜೊತೆಗೆ ಸೇದುವವನೂ ಇಲ್ಲ. ಆದ್ದರಿಂದ ಹಗಲು ಸಲೀಸಾಗಿ ಕಳೆಯುತ್ತದೆ. ಅಝಾನ್ ಆಗುತ್ತಿದ್ದಂತೆ ಜೋಡಣೆ ಮತ್ತೆ ಕೂಡಿಕೊಳ್ಳುತ್ತದೆ.

ಪಾಠವಾಗಿ ಹೇಳುತ್ತಿದ್ದ ಈ ವಿಷಯವನ್ನು ಮನೆಯೊಳಗೇ ನೋಡುವ ಸಂದರ್ಭ ಬಂದದ್ದು ನನ್ನ ದುಲ್ಹಾಭಾಯಿಯಿಂದ, ಅಂದರೆ ಅಕ್ಕನ ಗಂಡನಿಂದ. ಅವರು ದಾವಣಗೆರೆಯಲ್ಲಿ ಲಾರಿ ರಿಪೇರಿ ಮಾಡುವ ಒಳ್ಳೆಯ ಮೆಕ್ಯಾನಿಕ್. ಇಂಜಿನಿನ ಶಬ್ದ ಕೇಳಿಯೇ ರೋಗ ಹೇಳುವಷ್ಟು ಕೈ ಪಳಗಿದವರು. ಕುಡಿತ ಹದಿನೈದು ವರ್ಷದ್ದು. ಕೊನೆಗೆ ಕೈ ನಡುಗಿ ಸ್ಪಾನರ್ ಹಿಡಿಯಲಾಗದ ಸ್ಥಿತಿ ಬಂದಾಗ ಆಪಾ ಅವರನ್ನು ಆಸ್ಪತ್ರೆಗೆ ಸೇರಿಸಿದಳು. ಊರಿನ ಆಸ್ಪತ್ರೆಗಲ್ಲ, ಯಾರೂ ಗುರುತಿಸದ ಬೇರೆ ಜಿಲ್ಲೆಯ ಆಸ್ಪತ್ರೆಗೆ. ನೆರೆಯವರಿಗೆ ಹೇಳಿದ್ದು ಹೊಟ್ಟೆಯ ಆಪರೇಷನ್ ಎಂದು.

ಅಲ್ಲಿ ಮೊದಲ ವಾರ ಔಷಧಿ, ಗ್ಲೂಕೋಸ್, ವಿಟಮಿನ್ ಚುಚ್ಚುಮದ್ದುಗಳಲ್ಲೇ ಕಳೆಯಿತು. ಎರಡನೆಯ ವಾರ ಆಪ್ತಸಲಹೆಗಾರ್ತಿಯೊಬ್ಬರು ಇವರ ಕೈಗೆ ನೋಟುಬುಕ್ ಕೊಟ್ಟು, ಕುಡಿಯಬೇಕು ಅನಿಸುವುದು ಯಾವಾಗ, ಎಲ್ಲಿ, ಯಾರ ಜೊತೆ ಇದ್ದಾಗ ಎಂದು ಬರೆಯಿಸಿದರು. ಬಾರ್, ಬಾಟಲಿ ಎಂದು ಪಟ್ಟಿ ಶುರುವಾಗುತ್ತದೆ ಎಂದು ನಾನು ಎಣಿಸಿದ್ದೆ. ಇವರು ಬರೆದದ್ದು ಬೇರೆ. ಮೊದಲನೆಯದು, ಸಂಜೆ ಆರಕ್ಕೆ ಸೀಮೆಎಣ್ಣೆಯಿಂದ ಕೈಯ ಗ್ರೀಸ್ ಒರೆಸಿಕೊಂಡು ಸೋಪಿನಲ್ಲಿ ಕೈ ತೊಳೆಯುವ ಹೊತ್ತು. ಎರಡನೆಯದು, ಶನಿವಾರದ ಬಟವಾಡೆ. ಮೂರನೆಯದು, ಮಿರ್ಚಿ ಕರಿಯುವ ಎಣ್ಣೆಯ ವಾಸನೆ. ದಾವಣಗೆರೆಯವರಿಗೆ ಮಂಡಕ್ಕಿ ಮಿರ್ಚಿ ಎಂದರೆ ಏನೆಂದು ಹೇಳಬೇಕಾಗಿಲ್ಲ. ಮಕ್ಕಳಿಂದ ಮುದುಕರವರೆಗೆ ಎಲ್ಲರ ಸಂಜೆಯೂ ಅದೇ. ಆದರೆ ಇವರಿಗೆ ಹದಿನೈದು ವರ್ಷ ಅದು ಕುಡಿತದ ಜೊತೆಗಾರನಾಗಿತ್ತು. ಸಲಹೆಗಾರ್ತಿ ಪಟ್ಟಿ ಓದಿ ಆಪಾಗೆ ಹೇಳಿದರು: “ನೋಡಿ ಅಮ್ಮ, ಬಾರ್ ಇರೋ ಬೀದಿ ತಪ್ಪಿಸಬಹುದು. ಮಂಡಕ್ಕಿ ಗಾಡಿ ಇಲ್ಲದ ಬೀದಿ ನಿಮ್ಮೂರಲ್ಲಿ ಎಲ್ಲಿದೆ?”

ಆಪಾಳ ಮಗ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ. ತಂದೆಯನ್ನು ನೋಡಲು ಬಂದಾಗ ಆ ಪಟ್ಟಿ ಓದಿದವನು ಒಂದು ವಾರದ ನಂತರ ನನಗೆ ಫೋನ್ ಮಾಡಿದ. “ಖಾಲಾ, ಅಮೆರಿಕದಲ್ಲಿ ಈ ಪಟ್ಟಿಯಲ್ಲಿರೋದನ್ನೆಲ್ಲ ಕಂಪ್ಯೂಟರ್‌ನಲ್ಲಿ ಕಟ್ಟಿ, ರೋಗಿಯನ್ನ ಅದರೊಳಗೇ ನಿಲ್ಲಿಸ್ತಾರಂತೆ. ಕನ್ನಡಕದ ಹಾಗೆ ಒಂದು ಯಂತ್ರ ಹಾಕ್ಕೊಂಡರೆ ಸಾಕು.” ವರ್ಚುವಲ್ ರಿಯಾಲಿಟಿ ಎಂಬ ಪದವನ್ನು ಅಲ್ಲಿಯವರೆಗೆ ಆಟದ ಸಾಮಾನಿನ ಹೆಸರೆಂದೇ ನಾನು ತಿಳಿದಿದ್ದೆ. ಅವನು ಕಳಿಸಿದ್ದನ್ನೆಲ್ಲ ಓದಿದೆ. ಆಮೇಲೆ ನಾನಾಗಿ ಹುಡುಕಿ ಇನ್ನಷ್ಟು ಓದಿದೆ.

ಚಟವನ್ನು ಅರಿಯಲು ತೋರಿಕೆಯ ಜಗತ್ತು ಕಟ್ಟುವ ಯೋಚನೆ ವರ್ಚುವಲ್ ರಿಯಾಲಿಟಿಯ ಚಿಕಿತ್ಸೆಗಿಂತ ಹಳೆಯದು. ಅಮೆರಿಕದ ಸಿಯಾಟಲ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಅಲನ್ ಮಾರ್ಲಾಟ್ ಎಂಬ ಮನಶ್ಶಾಸ್ತ್ರಜ್ಞರಿದ್ದರು. 2011ರಲ್ಲಿ ತೀರಿಕೊಂಡರು. ಅವರು ಕಾಲೇಜಿನ ಕಟ್ಟಡದೊಳಗೇ ಒಂದು ನಕಲಿ ಬಾರ್ ಕಟ್ಟಿಸಿ ಅದನ್ನು ಪ್ರಯೋಗಾಲಯ ಮಾಡಿಕೊಂಡಿದ್ದರು. ಕುಡಿಯುವವರ ನಡವಳಿಕೆಯನ್ನು ಆಸ್ಪತ್ರೆಯ ಬಿಳಿ ಗೋಡೆಗಳ ನಡುವೆ ಅರಿಯಲಾಗದು ಎಂಬುದು ಅವರಿಗೆ ತಿಳಿದಿತ್ತು. ಚಟ ಬಿಟ್ಟವರು ಮತ್ತೆ ಜಾರುವುದು ಏಕೆ ಎಂಬುದರ ಮೇಲೆ 1985ರಲ್ಲಿ ಅವರು ಮತ್ತು ಜುಡಿತ್ ಗೋರ್ಡನ್ ಸೇರಿ ತಂದ ಪುಸ್ತಕ ಇಂದಿಗೂ ಈ ಕ್ಷೇತ್ರದವರ ಕೈಪಿಡಿ. ಆಸೆಯನ್ನು ಸಮುದ್ರದ ಅಲೆಗೆ ಹೋಲಿಸಿದ್ದು ಮಾರ್ಲಾಟ್. ಅಲೆ ಏರುತ್ತದೆ, ತುದಿ ಮುಟ್ಟುತ್ತದೆ, ತಾನಾಗಿ ಇಳಿಯುತ್ತದೆ. ಅದರ ವಿರುದ್ಧ ಗುದ್ದಾಡುವ ಬದಲು ಇಳಿಯುವವರೆಗೆ ಅದರ ಮೇಲೆ ನಿಂತಿರಲು ಕಲಿಯಬೇಕು ಎಂಬುದು ಅವರು ಕಲಿಸಿದ ಪಾಠ.

ಅಲೆಯ ಮೇಲೆ ನಿಲ್ಲುವುದನ್ನು ಕಲಿಯಬೇಕಾದರೆ ಅಲೆ ಬೇಕಲ್ಲ? ಆಸ್ಪತ್ರೆಯಲ್ಲಿ ಅಲೆಯೇ ಏಳುವುದಿಲ್ಲ. ದುಲ್ಹಾಭಾಯಿ ಎರಡನೆಯ ವಾರದಲ್ಲೇ “ನನಗೆ ಈಗ ಆಸೆಯೇ ಬರ್ತಿಲ್ಲ, ಮನೆಗೆ ಕಳಿಸಿ” ಎನ್ನತೊಡಗಿದ್ದರು. ಅವರು ಸುಳ್ಳು ಹೇಳುತ್ತಿರಲಿಲ್ಲ. ಅಲ್ಲಿ ಗ್ರೀಸ್ ಇರಲಿಲ್ಲ, ಬಟವಾಡೆ ಇರಲಿಲ್ಲ, ಮಿರ್ಚಿ ಇರಲಿಲ್ಲ.

ಜಾಗ ಬದಲಾದರೆ ಚಟ ಎಷ್ಟು ಸಡಿಲವಾಗುತ್ತದೆ ಎಂಬುದಕ್ಕೆ ವಿಯೆಟ್ನಾಂ ಯುದ್ಧದಿಂದ ಮರಳಿದ ಅಮೆರಿಕನ್ ಸೈನಿಕರ ಅಧ್ಯಯನ ಪ್ರಸಿದ್ಧವಾದದ್ದು. 1971ರಲ್ಲಿ ಅಲ್ಲಿನ ಸೈನಿಕರಲ್ಲಿ ಹೆರಾಯಿನ್ ವ್ಯಾಪಕವಾಗಿದೆ ಎಂದು ತಿಳಿದು ಸರ್ಕಾರ ಗಾಬರಿಗೊಂಡಿತ್ತು. ಲೀ ರಾಬಿನ್ಸ್ ಎಂಬ ಸಂಶೋಧಕಿ ಮರಳಿದವರನ್ನು ಹುಡುಕಿ ಮಾತನಾಡಿಸಿದರು. ವಿಯೆಟ್ನಾಂನಲ್ಲಿ ತಾವು ಚಟಕ್ಕೆ ಬಿದ್ದಿದ್ದೆವು ಎಂದವರು ಸುಮಾರು ಶೇಕಡಾ 20. ಆದರೆ ಅವರಲ್ಲಿ ಊರಿಗೆ ಮರಳಿದ ಮೊದಲ ವರ್ಷದಲ್ಲಿ ಮತ್ತೆ ಚಟಕ್ಕೆ ಬಿದ್ದವರು ಶೇಕಡಾ 5ರಷ್ಟು ಮಾತ್ರ. ಯುದ್ಧದ ಭಯ ಹೋದದ್ದು, ಊರಿನಲ್ಲಿ ಹೆರಾಯಿನ್ ದುಬಾರಿಯಾದದ್ದು, ಇವೂ ಕಾರಣಗಳೇ. ಆದರೂ ಸಾವಿರಾರು ಮೈಲಿ ದೂರದ ಊರಿನಲ್ಲಿ ವಿಯೆಟ್ನಾಂನ ಬೀದಿಯೂ ಇರಲಿಲ್ಲ, ಅಲ್ಲಿ ಜೊತೆಗೂಡಿ ಸೇದಿದ ಗೆಳೆಯರೂ ಇರಲಿಲ್ಲ ಎಂಬುದನ್ನು ಮರೆಯಲಾಗದು. ಚಿಕಿತ್ಸೆ ಮುಗಿಸಿ ಅದೇ ಬೀದಿಗೆ ಮರಳುವ ನಮ್ಮವರ ಪಾಡು ಇದಕ್ಕೆ ತದ್ವಿರುದ್ಧ.

ಜಾಗದ ನೆನಪು ಮನಸ್ಸಿನಲ್ಲಿ ಮಾತ್ರವಲ್ಲ, ರಕ್ತದಲ್ಲೂ ಇರುತ್ತದೆ ಎಂದು ತೋರಿಸಿದ್ದು 1982ರಲ್ಲಿ ಕೆನಡಾದ ಶೆಪರ್ಡ್ ಸೀಗಲ್ ಮತ್ತು ಸಂಗಡಿಗರು ಇಲಿಗಳ ಮೇಲೆ ಮಾಡಿದ ಪ್ರಯೋಗ. ಹೆರಾಯಿನ್ ರೂಢಿಯಾದ ಇಲಿಗಳಿಗೆ ದೊಡ್ಡ ಪ್ರಮಾಣದ ಮದ್ದು ಕೊಟ್ಟಾಗ, ಎಂದಿನ ಕೋಣೆಯಲ್ಲಿದ್ದವುಗಳಲ್ಲಿ ಶೇಕಡಾ 32 ಸತ್ತವು. ಅಷ್ಟೇ ಮದ್ದನ್ನು ಬೇರೆ ಕೋಣೆಯಲ್ಲಿ ಕೊಟ್ಟಾಗ ಸತ್ತವು ಶೇಕಡಾ 64. ಪರಿಚಿತ ಜಾಗವನ್ನು ಕಂಡೊಡನೆ ದೇಹ ಮದ್ದನ್ನು ಎದುರಿಸಲು ಮುಂಚಿತವಾಗಿಯೇ ಸಜ್ಜಾಗುತ್ತದೆ. ಹೊಸ ಜಾಗದಲ್ಲಿ ಆ ಸಿದ್ಧತೆ ಇರುವುದಿಲ್ಲ. ಮದ್ದು ಇನ್ನೂ ಬಂದಿಲ್ಲ, ಸಿದ್ಧತೆ ಮಾತ್ರ ಶುರುವಾಗಿದೆ ಎಂಬ ಆ ಸ್ಥಿತಿಯಲ್ಲಾಗುವ ಚಡಪಡಿಕೆಯೇ ಆಸೆಯ ಒಂದು ರೂಪ ಎಂಬುದು ಸೀಗಲ್‌ರ ವಿವರಣೆ. ಸಂಜೆ ಆರಕ್ಕೆ ಸೋಪಿನ ನೊರೆಯಲ್ಲಿ ದುಲ್ಹಾಭಾಯಿಯ ಕೈ ನಡುಗುತ್ತಿದ್ದದ್ದು ನನಗೆ ಅರ್ಥವಾದದ್ದು ಇದನ್ನು ಓದಿದ ಮೇಲೆ.

ಇನ್ನು ಯಂತ್ರದ ವಿಷಯ. ಮನಸ್ಸಿನ ರೋಗಗಳಿಗೆ ಇದನ್ನು ಮೊದಲು ಬಳಸಿದ್ದು ಭಯದ ಚಿಕಿತ್ಸೆಯಲ್ಲಿ. 1995ರಲ್ಲಿ ಅಟ್ಲಾಂಟಾದ ಬಾರ್ಬರಾ ರಾತ್‌ಬಾಮ್ ಮತ್ತು ಲ್ಯಾರಿ ಹಾಜಸ್ ಎತ್ತರಕ್ಕೆ ಹೆದರುವ ವಿದ್ಯಾರ್ಥಿಗಳನ್ನು ತೋರಿಕೆಯ ತೂಗುಸೇತುವೆ, ಗಾಜಿನ ಲಿಫ್ಟುಗಳ ಮೇಲೆ ನಿಲ್ಲಿಸಿ ಭಯ ಇಳಿಸಿದರು. ಕಾಲು ನೆಲದ ಮೇಲೇ ಇದೆ ಎಂದು ಗೊತ್ತಿದ್ದರೂ ಅಂಗೈ ಬೆವರುತ್ತದೆ. ಬುದ್ಧಿಗೆ ತಿಳಿದದ್ದನ್ನು ದೇಹ ನಂಬುವುದಿಲ್ಲ. ಚಟಕ್ಕೂ ಇದೇ ಗುಣವನ್ನು ಬಳಸಿಕೊಂಡರು.

ಹೂಸ್ಟನ್ ವಿಶ್ವವಿದ್ಯಾಲಯದ ಸಮಾಜಕಾರ್ಯ ವಿಭಾಗದಲ್ಲಿದ್ದ ಪ್ಯಾಟ್ರಿಕ್ ಬೋರ್ಡ್‌ನಿಕ್ ಇದರಲ್ಲಿ ಬಹಳ ಕೆಲಸ ಮಾಡಿದವರು. ಮೊದಲು ಸಿಗರೇಟು, ಆಮೇಲೆ ಮದ್ಯ, 2014ರ ಸುಮಾರಿಗೆ ಹೆರಾಯಿನ್. ಧೂಮಪಾನಿಗಳಿಗಾಗಿ ಕಟ್ಟಿದ ಜಗತ್ತಿನಲ್ಲಿ ಹಲವು ಕೋಣೆಗಳಿದ್ದವು. ಒಂದರಲ್ಲಿ ಆಶ್‌ಟ್ರೇ, ಸಿಗರೇಟು ಪ್ಯಾಕು, ಕಾಫಿ. ಮತ್ತೊಂದರಲ್ಲಿ ಗೆಳೆಯರ ಕೂಟ. ಇನ್ನೊಂದರಲ್ಲಿ ಚಟಕ್ಕೆ ಸಂಬಂಧಪಟ್ಟ ಏನೂ ಇಲ್ಲ. ಹೋಲಿಸಿ ನೋಡಲು ಆ ಖಾಲಿ ಕೋಣೆಯೂ ಬೇಕು. ಹೆರಾಯಿನ್‌ಗಾಗಿ ಮಾಡಿದ್ದು ಒಂದು ಇಡೀ ಮನೆ. ಜನ ಕೂಡಿದ್ದಾರೆ, ಒಂದೆಡೆ ಪೀಜಾ ಡಬ್ಬಿ ಬಿದ್ದಿದೆ, ಒಂದು ಕೋಣೆಯಲ್ಲಿ ಯಾರೋ ಮದ್ದು ತೆಗೆದುಕೊಳ್ಳುತ್ತಿದ್ದಾರೆ. ಕಣ್ಣು ಕಿವಿಗಳಷ್ಟೇ ಸಾಲದೆಂದು ವಾಸನೆಯನ್ನೂ ಬಿಡುವ ಏರ್ಪಾಡು ಮಾಡಿದ್ದರು. ಬಾರ್ಸಿಲೋನಾ ವಿಶ್ವವಿದ್ಯಾಲಯದವರು ಮದ್ಯಕ್ಕಾಗಿಯೇ ರೂಪಿಸಿದ ವ್ಯವಸ್ಥೆಯಲ್ಲಿ ಬಾರ್, ಪಬ್, ಹೋಟೆಲು, ಮನೆ ಎಂಬ ನಾಲ್ಕು ಜಾಗಗಳಿವೆ. ಮನೆಯನ್ನೂ ಸೇರಿಸಿದ್ದಾರೆ ಎಂಬುದನ್ನು ಗಮನಿಸಬೇಕು. ಕುಡಿಯುವವನಿಗೆ ಮನೆ ಯಾವಾಗಲೂ ಸುರಕ್ಷಿತ ಜಾಗವಲ್ಲ.

ಚಿಕಿತ್ಸೆ ನಡೆಯುವ ಬಗೆ ಹೀಗೆ. ಯಂತ್ರದ ಒಳಗೆ ಎರಡು ಕಣ್ಣಿಗೂ ಸ್ವಲ್ಪ ಬೇರೆ ಬೇರೆ ಚಿತ್ರ ತೋರುವುದರಿಂದ ಆಳ ಕಾಣುತ್ತದೆ. ತಲೆ ತಿರುಗಿಸಿದ ಕಡೆ ದೃಶ್ಯವೂ ತಿರುಗುತ್ತದೆ. ಪಕ್ಕದಲ್ಲಿ ಚಿಕಿತ್ಸಕರು ಕಂಪ್ಯೂಟರಿನಲ್ಲಿ ಅದನ್ನೇ ನೋಡುತ್ತಿರುತ್ತಾರೆ. ನಾಡಿಬಡಿತ, ಬೆರಳಿನ ಬೆವರು ಅಳೆಯುತ್ತಾರೆ. ಈಗ ಆಸೆ ಎಷ್ಟಿದೆ, ಸೊನ್ನೆಯಿಂದ ನೂರರೊಳಗೆ ಹೇಳಿ ಎನ್ನುತ್ತಾರೆ. ಸುಲಭದ ಕೋಣೆಯಿಂದ ಶುರುಮಾಡಿ ನಿಧಾನವಾಗಿ ಕಷ್ಟದ ಕೋಣೆಗೆ ಒಯ್ಯುತ್ತಾರೆ. ದೃಶ್ಯದಲ್ಲಿರುವ ವ್ಯಕ್ತಿ ಲೋಟ ಚಾಚುತ್ತಾನೆ. ರೋಗಿ ಬೇಡ ಎನ್ನಬೇಕು, ಮಾತು ಬದಲಿಸಬೇಕು, ಎದ್ದು ಹೊರಗೆ ನಡೆಯಬೇಕು, ಇಲ್ಲವೇ ಅಲೆ ಇಳಿಯುವವರೆಗೆ ನಿಂತಿರಬೇಕು. ಜಾರಿದರೆ ಬೀಳುವುದು ಕುರ್ಚಿಯ ಮೇಲೆ, ಬಾರಿನಲ್ಲಲ್ಲ. ಇದೇ ಇದರ ದೊಡ್ಡ ಲಾಭ. ಕಾರು ಕಲಿಯುವವನನ್ನು ಮೊದಲ ದಿನವೇ ಹೆದ್ದಾರಿಗೆ ಬಿಡುತ್ತೇವೆಯೇ?

ಆದರೆ ಈ ವಿಧಾನದ ಮಿತಿಯನ್ನೂ ಹೇಳಲೇಬೇಕು. ಆಸೆಯ ವಸ್ತುವನ್ನು ಮತ್ತೆ ಮತ್ತೆ ತೋರಿಸಿ, ಕೊಡದೆ, ಆಸೆಯನ್ನು ಬತ್ತಿಸುವ ಚಿಕಿತ್ಸೆಗಳನ್ನು 2002ರಲ್ಲಿ ಸಿಂಥಿಯಾ ಕಾಂಕ್ಲಿನ್ ಮತ್ತು ಸ್ಟೀಫನ್ ಟಿಫನಿ ಒಟ್ಟಾಗಿ ಪರಿಶೀಲಿಸಿದರು. ಅವು ನಿರೀಕ್ಷಿಸಿದಷ್ಟು ಫಲ ಕೊಟ್ಟದ್ದಕ್ಕೆ ಪುರಾವೆ ತೆಳ್ಳಗಿದೆ ಎಂಬುದು ಅವರ ತೀರ್ಮಾನ. ಕಾರಣ ಮತ್ತೆ ಜಾಗವೇ. ಒಂದು ಕೋಣೆಯಲ್ಲಿ ಬತ್ತಿದ ಆಸೆ ಹಳೆಯ ಬೀದಿಗೆ ಹೋದಾಗ ಚಿಗುರುತ್ತದೆ. ಪಾವ್ಲೋವ್‌ನ ನಾಯಿ ಶಬ್ದವನ್ನು ಮರೆಯುವುದಿಲ್ಲ. ಇಲ್ಲಿ ಈ ಶಬ್ದಕ್ಕೆ ಊಟ ಬರುವುದಿಲ್ಲ ಎಂಬ ಹೊಸ ಪಾಠವನ್ನು ಹಳೆಯದರ ಮೇಲೆ ಬರೆದುಕೊಳ್ಳುತ್ತದೆ, ಅಷ್ಟೆ. ವರ್ಚುವಲ್ ರಿಯಾಲಿಟಿ ಬಳಸುವವರ ವಾದ ಇಲ್ಲಿಂದಲೇ ಶುರುವಾಗುತ್ತದೆ. ಒಂದೇ ಕೋಣೆ ಏಕೆ, ಹತ್ತು ಬೀದಿಗಳಲ್ಲಿ ಹೊಸ ಪಾಠ ಬರೆಯೋಣ ಎಂಬುದು ಅವರ ಆಶಯ. ಆ ಜಗತ್ತಿನೊಳಗೆ ಆಸೆ ನಿಜವಾಗಿಯೂ ಏಳುತ್ತದೆ ಎಂಬುದು ಪ್ರಯೋಗಗಳಲ್ಲಿ ಮತ್ತೆ ಮತ್ತೆ ಕಂಡಿದೆ. ಅಲ್ಲಿ ಇಳಿದ ಆಸೆ ವರ್ಷಗಳ ಕಾಲ ಇಳಿದೇ ಇರುತ್ತದೆ ಎಂಬುದಕ್ಕೆ ಅಂಥ ಗಟ್ಟಿ ಆಧಾರ ಇನ್ನೂ ಕೂಡಿಬಂದಿಲ್ಲ. ಹೆಚ್ಚಿನ ಅಧ್ಯಯನಗಳು ಚಿಕ್ಕವು. ಕೆಲವರಿಗೆ ಯಂತ್ರ ಹಾಕಿಕೊಂಡರೆ ತಲೆಸುತ್ತು, ವಾಕರಿಕೆ ಬರುತ್ತದೆ.

ಇನ್ನೊಂದು ಮುಖ್ಯ ಮಾತು. ಇದು ಮೊದಲ ಚಿಕಿತ್ಸೆಯಲ್ಲ. ಹಲವು ವರ್ಷ ದಿನವೂ ಕುಡಿದವರು ಒಮ್ಮೆಗೇ ನಿಲ್ಲಿಸಿದರೆ ಎರಡು ಮೂರು ದಿನಗಳಲ್ಲಿ ಫಿಟ್ಸ್ ಬರಬಹುದು, ಭ್ರಮೆ ಹಿಡಿಯಬಹುದು, ಪ್ರಾಣವೂ ಹೋಗಬಹುದು. ಮನೆಯವರು ಕೋಣೆಯಲ್ಲಿ ಕೂಡಿಹಾಕಿ ಬಿಡಿಸುತ್ತೇವೆ ಎಂದು ಹೊರಡುವುದು ಅಪಾಯ. ಮೊದಲು ವೈದ್ಯರ ಕಣ್ಗಾವಲಿನಲ್ಲಿ ದೇಹ ಶಾಂತವಾಗಬೇಕು. ಆಮೇಲೆ ಬೀದಿಯ ಪಾಠ.

ಇದನ್ನೆಲ್ಲ ಓದಿದ ನನ್ನ ಮೈದುನನ ವಯಸ್ಸಿನ ಆ ಹುಡುಗ, ಆಪಾಳ ಮಗ, ತಾನೇ ಏನಾದರೂ ಮಾಡಬೇಕೆಂದು ಹೊರಟ. 2014ರಲ್ಲಿ ಗೂಗಲ್ ರಟ್ಟಿನ ಪೆಟ್ಟಿಗೆಯೊಳಗೆ ಮೊಬೈಲ್ ಇಟ್ಟು ನೋಡುವ ಅಗ್ಗದ ಉಪಾಯ ತೋರಿಸಿತ್ತು. ಅಂಥದೊಂದು ಪೆಟ್ಟಿಗೆ ಅವನ ಹಾಸ್ಟೆಲಿನಲ್ಲಿತ್ತು. ಅದನ್ನು ತಂದು ಸಲಹೆಗಾರ್ತಿಗೆ ತೋರಿಸಿ, ವಿದೇಶದ ಬಾರ್ ಒಂದರ ದೃಶ್ಯ ಹಾಕಿದ. ದುಲ್ಹಾಭಾಯಿ ಹಾಕಿಕೊಂಡು ಅತ್ತಿತ್ತ ನೋಡಿ, “ಚೆನ್ನಾಗಿದೆ ಬೇಟಾ. ಯಾರ ಮನೆ ಇದು?” ಎಂದರು. ಬಣ್ಣದ ದೀಪ, ಎತ್ತರದ ಸ್ಟೂಲು, ಕಾಲುಳ್ಳ ಗಾಜಿನ ಲೋಟ. ಅವರಿಗೆ ಅದು ಅರಮನೆಯ ಹಾಗೆ ಕಂಡಿತು. ಆಸೆ ಏಳುವ ಮಾತೇ ಇಲ್ಲ. ಹುಡುಗ ನಕ್ಕು, “ಅಬ್ಬಾಗೆ ಮಂಡಕ್ಕಿ ಗಾಡಿನೇ ಕಟ್ಟಿಕೊಡಬೇಕು ಖಾಲಾ” ಎಂದ. ನಗೆಯ ಮಾತಾದರೂ ಅದರಲ್ಲಿ ದೊಡ್ಡ ಸತ್ಯವಿದೆ. ಹೂಸ್ಟನ್ನಿನ ಪೀಜಾ ಡಬ್ಬಿ ಹೂಸ್ಟನ್ನಿನವರಿಗೆ. ನಮ್ಮವರ ಚಟ ಪ್ಲಾಸ್ಟಿಕ್ ಲೋಟದಲ್ಲಿದೆ, ಪ್ಯಾಕೆಟ್ಟಿನಲ್ಲಿದೆ, ಲಾರಿಯ ಹಿಂದಿನ ಕತ್ತಲೆಯಲ್ಲಿದೆ, ಮದುವೆ ಮನೆಯ ಹಿತ್ತಲಲ್ಲಿದೆ. ಈ ಯಂತ್ರ ನಾಳೆ ನಮ್ಮ ಜಿಲ್ಲಾಸ್ಪತ್ರೆಗಳಿಗೆ ಬಂದರೂ ಅದರೊಳಗಿನ ಬೀದಿಯನ್ನು ನಮ್ಮವರೇ ಕಟ್ಟಬೇಕಾಗುತ್ತದೆ.

ಸಲಹೆಗಾರ್ತಿ ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟರು. “ಯಂತ್ರ ಬೇಡ, ಬನ್ನಿ, ಇಲ್ಲೇ ಆಡೋಣ” ಎಂದು ಹುಡುಗನಿಗೆ ಗ್ಯಾರೇಜಿನ ಗೆಳೆಯನ ಪಾತ್ರ ಕೊಟ್ಟರು. ದುಲ್ಹಾಭಾಯಿಗೆ ಕಣ್ಣು ಮುಚ್ಚಿ, ಶನಿವಾರ ಸಂಜೆ ಆರು ಗಂಟೆ ಎಂದುಕೊಳ್ಳಲು ಹೇಳಿದರು. ಸೋಪು, ನೀರು, ಜೇಬಿನಲ್ಲಿ ದುಡ್ಡು, ಎಣ್ಣೆಯ ವಾಸನೆ, ಒಂದೊಂದನ್ನೇ ಹೇಳುತ್ತಾ ಹೋದರು. ಹುಡುಗ ತಂದೆಯ ಭುಜದ ಮೇಲೆ ಕೈಯಿಟ್ಟು, “ಬಾ ಉಸ್ತಾದ್, ಇವತ್ತೊಂದಿನ. ಬರೀ ಕಂಪನಿಗೆ” ಎಂದ. ದುಲ್ಹಾಭಾಯಿಯ ಬಾಯಿಂದ ಬೇಡ ಎಂಬ ಮಾತು ಹೊರಟಿತು. ಆದರೆ ಧ್ವನಿ ಎಷ್ಟು ಮೆಲ್ಲಗಿತ್ತೆಂದರೆ, ಯಾವ ಗೆಳೆಯನೂ ಅದನ್ನು ಬೇಡ ಎಂದು ಕೇಳಿಸಿಕೊಳ್ಳುತ್ತಿರಲಿಲ್ಲ. “ಇನ್ನೊಮ್ಮೆ” ಎಂದರು ಸಲಹೆಗಾರ್ತಿ. ಎರಡನೆಯ ಸಲ, ಮೂರನೆಯ ಸಲ. ಐದನೆಯ ಸಲ ದುಲ್ಹಾಭಾಯಿ ಎದ್ದು ನಿಂತು, “ಬೇಡಪ್ಪಾ, ಮನೆಯಲ್ಲಿ ಕಾಯ್ತಿದ್ದಾರೆ” ಎಂದು ಬಾಗಿಲವರೆಗೆ ನಡೆದು ಹೋದರು. ಹುಡುಗ ಗೆಳೆಯನ ಪಾತ್ರವನ್ನು ಅಲ್ಲಿಗೇ ಬಿಟ್ಟು ಗೋಡೆಯ ಕಡೆ ಮುಖ ತಿರುಗಿಸಿದ. ಕೋಟಿಗಟ್ಟಲೆ ಖರ್ಚಿನ ಪ್ರಯೋಗಾಲಯ ಮಾಡುವ ಕೆಲಸದ ತಿರುಳು ಆ ಪುಟ್ಟ ಕೋಣೆಯಲ್ಲೂ ಇತ್ತು. ಯಂತ್ರ ಅದನ್ನು ಇನ್ನಷ್ಟು ನಿಜದಂತೆ, ಇನ್ನಷ್ಟು ಸಲ ಮಾಡಬಲ್ಲದು.

ಧರ್ಮದ ಪಾಠಗಳನ್ನು ವಿಜ್ಞಾನದ ಪುರಾವೆಯಾಗಿ ಎಳೆದುತರುವುದು ನನಗೆ ಇಷ್ಟವಿಲ್ಲ. ಆದರೆ ಈ ಓದಿನ ನಡುವೆ ಕೆಲವು ಹದೀಸ್‌ಗಳು ಹೊಸದಾಗಿ ಅರ್ಥವಾದವು. ಮದ್ಯ ಒಮ್ಮೆಗೇ ನಿಷೇಧವಾಗಲಿಲ್ಲ, ಹಂತ ಹಂತವಾಗಿ ಆಯಿತು ಎಂಬುದು ಎಲ್ಲರಿಗೂ ಗೊತ್ತು. ಅಷ್ಟಾಗಿ ಗಮನಿಸದ ಸಂಗತಿಯೆಂದರೆ, ಪ್ರವಾದಿವರ್ಯರು(ಸ) ಒಂದು ಕಾಲದಲ್ಲಿ ಪಾನೀಯ ಹುಳಿಯಿಸುತ್ತಿದ್ದ ಸೋರೆಬುರುಡೆ, ಅರಗು ಬಳಿದ ಮಡಕೆಗಳಂಥ ಪಾತ್ರೆಗಳ ಬಳಕೆಯನ್ನೂ ತಡೆದಿದ್ದರು. ಮುಂದೆ ಪಾತ್ರೆ ಯಾವುದಾದರೂ ಆಗಬಹುದು, ಅಮಲು ಮಾತ್ರ ಕೂಡದು ಎಂದು ಸಡಿಲಿಸಿದರು. ವಿದ್ವಾಂಸರು ಇದಕ್ಕೆ ಬೇರೆ ಬೇರೆ ಕಾರಣ ಕೊಟ್ಟಿದ್ದಾರೆ. ಪಾತ್ರೆಯನ್ನು ಕಂಡರೆ ಅದರೊಳಗಿನದು ನೆನಪಾಗುವ ಜನರಿಗೆ ಮೊದಲು ಪಾತ್ರೆಯನ್ನೂ ದೂರವಿಡಬೇಕಾಗಿತ್ತು, ಹೊಸ ಅಭ್ಯಾಸ ಗಟ್ಟಿಯಾದ ಮೇಲೆ ಪಾತ್ರೆ ಬರೀ ಪಾತ್ರೆಯಾಯಿತು ಎಂದು ನನಗೆ ತೋಚುತ್ತದೆ. ನೂರು ಕೊಲೆ ಮಾಡಿ ತೌಬಾಕ್ಕೆ ಹಂಬಲಿಸಿದವನ ಕಥೆಯಲ್ಲೂ ಬಲ್ಲವನು ಕೊಟ್ಟ ಸಲಹೆ ಜಾಗದ ಕುರಿತೇ ಇದೆ. ನಿನ್ನ ಊರು ಬಿಡು, ಒಳ್ಳೆಯವರಿರುವ ಊರಿಗೆ ಹೋಗು ಎಂಬುದು ಅದರ ಸಾರ.

ಆದರೆ ವಾರದ ಕೂಲಿಯ ಮೇಲೆ ನಿಂತ ಸಂಸಾರ ಊರು ಬಿಟ್ಟು ಎಲ್ಲಿಗೆ ಹೋಗಬೇಕು? ಗ್ಯಾರೇಜು ಅಲ್ಲೇ ಇದೆ, ಸಾಲ ಅಲ್ಲೇ ಇದೆ, ಮಗಳ ಶಾಲೆ ಅಲ್ಲೇ ಇದೆ. ಬೀದಿ ಬದಲಾಯಿಸಲಾಗದವನಿಗೆ ಆ ಬೀದಿಯಲ್ಲಿರುವ ಜನರಾದರೂ ಬದಲಾಗಬೇಕು. ನಮ್ಮ ಸಮುದಾಯಕ್ಕೆ ನಾನು ಹೇಳಬೇಕಾದ ಮಾತು ಇದು.

ನಮ್ಮಲ್ಲಿ ಕುಡಿತದ ಸಮಸ್ಯೆಯಿಲ್ಲ ಎಂದು ನಾವು ಸಭೆಗಳಲ್ಲಿ ಹೇಳಿಕೊಳ್ಳುತ್ತೇವೆ. ಹರಾಮ್ ಎಂಬ ತಿಳಿವಳಿಕೆ ಲಕ್ಷಾಂತರ ಜನರನ್ನು ಕಾಪಾಡಿದೆ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಬಿದ್ದವನಿಗೆ ಅದೇ ತಿಳಿವಳಿಕೆ ಅವಮಾನದ ಗೋಡೆಯಾಗುತ್ತದೆ. ಅವನು ಅಡಗಿ ಕುಡಿಯುತ್ತಾನೆ, ಮನೆಯವರು ಅಡಗಿಸಿ ಅಳುತ್ತಾರೆ, ಆಸ್ಪತ್ರೆ ತಡವಾಗುತ್ತದೆ. ಈಗ ಹುಡುಗರ ಕೈಗೆ ಗಾಂಜಾ, ಮಾತ್ರೆಗಳೂ ಬಂದಿವೆ. ಇಡೀ ದೇಶದ ಸ್ಥಿತಿಯೂ ಹೆಮ್ಮೆಪಡುವಂಥದ್ದಲ್ಲ. ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ಸಂಸ್ಥೆ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ಮದ್ಯದ ಚಟಕ್ಕೆ ಸಿಕ್ಕವರಲ್ಲಿ ಯಾವುದೇ ಬಗೆಯ ಚಿಕಿತ್ಸೆ ಪಡೆದವರು 38ಕ್ಕೆ ಒಬ್ಬರು. ಉಳಿದ 37 ಮಂದಿಗೆ ಯಂತ್ರದ ಮಾತಿರಲಿ, ಒಂದು ಚೀಟಿಯೂ ಸಿಕ್ಕಿಲ್ಲ.

ದುಲ್ಹಾಭಾಯಿ ಮನೆಗೆ ಬಂದ ಮೊದಲ ಶುಕ್ರವಾರ ಮಸೀದಿಗೆ ಹೋದರು. ಪಕ್ಕದಲ್ಲಿ ಕೂತ ಹಿರಿಯರೊಬ್ಬರು ಸಲಾಮ್ ಹೇಳುವ ನೆಪದಲ್ಲಿ ಮೂಗು ಹತ್ತಿರ ತಂದು, “ಇವತ್ತು ಏನೂ ಇಲ್ಲ ತಾನೇ?” ಎಂದು ಕೇಳಿದರಂತೆ. ಸಿಟ್ಟಿನಿಂದ ಕೇಳಿದ್ದಲ್ಲ, ತಮಾಷೆಗೆ. ಆ ಸಂಜೆ ದುಲ್ಹಾಭಾಯಿ ಊಟ ಮಾಡಲಿಲ್ಲ. ಬಾರ್‌ನಲ್ಲಿ ಯಾರೂ ತನ್ನ ಬಾಯಿ ಮೂಸುವುದಿಲ್ಲ ಎಂದರು. ಆ ಮಾತು ಕೇಳಿ ಆಪಾ ಹೆದರಿದಳು. ಅವಮಾನವೂ ಆಸೆ ಎಬ್ಬಿಸುವ ಒಂದು ತಿರುವೇ. ಹೂಸ್ಟನ್ನಿನವರು ಕಟ್ಟಿದ ಕೋಣೆಗಳಲ್ಲಿ ಜಗಳದ ದೃಶ್ಯವೂ ಒಂದಿತ್ತು ಎಂಬುದು ಆಗ ನೆನಪಾಯಿತು.

ಕುಡಿತಕ್ಕಾಗಿ ಪ್ರವಾದಿವರ್ಯರ(ಸ) ಮುಂದೆ ಮತ್ತೆ ಮತ್ತೆ ತರಲ್ಪಟ್ಟ ಒಬ್ಬ ವ್ಯಕ್ತಿಯನ್ನು ಯಾರೋ ಶಪಿಸಿದಾಗ, ಅವರು ತಡೆದು, ಅವನು ಅಲ್ಲಾಹನನ್ನೂ ಅವನ ಸಂದೇಶವಾಹಕರನ್ನೂ ಪ್ರೀತಿಸುವವನು ಎಂದದ್ದು ಬುಖಾರಿಯಲ್ಲಿದೆ. ಶಿಕ್ಷೆ ತಪ್ಪಿತೆಂದಲ್ಲ, ಅವನನ್ನು ಸಮುದಾಯದಿಂದ ಹೊರಗೆ ತಳ್ಳಲಿಲ್ಲ. ನಾವು ಖುತ್ಬಾಗಳಲ್ಲಿ ಮದ್ಯ ಹರಾಮ್ ಎಂಬುದನ್ನು ಎಷ್ಟು ಸಲ ಕೇಳಿದ್ದೇವೆ? ಬಿಟ್ಟು ಬಂದವನ ಜೊತೆ ಹೇಗೆ ನಡೆದುಕೊಳ್ಳಬೇಕು ಎಂಬುದನ್ನು ಎಷ್ಟು ಸಲ ಕೇಳಿದ್ದೇವೆ?

ಕರ್ನಾಟಕದ ಹಳ್ಳಿಗಳಲ್ಲಿ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರು ಬಹಳ ವರ್ಷಗಳಿಂದ ಮದ್ಯವರ್ಜನ ಶಿಬಿರ ನಡೆಸುತ್ತಾ ಬಂದಿದ್ದಾರೆ. ಅಲ್ಲಿ ಶಿಬಿರ ಮುಗಿದ ಮೇಲೂ ಬಿಟ್ಟವರೆಲ್ಲ ಊರಿನಲ್ಲಿ ಒಟ್ಟುಗೂಡುವ ಸಮಿತಿಗಳಿವೆ. ಬಿಟ್ಟವನಿಗೆ ಬಿಟ್ಟವರ ಸಂಗ ಸಿಗುತ್ತದೆ. ನಮ್ಮ ಜಮಾಅತ್‌ಗಳಿಗೂ ಇದು ಕಷ್ಟದ ಕೆಲಸವಲ್ಲ. ಸಂಜೆ ಆರರಿಂದ ಎಂಟರವರೆಗೆ ಮಸೀದಿಯ ಜಗುಲಿಯಲ್ಲಿ ಒಂದು ಕೆಟಲ್ ಚಹಾ, ನಾಲ್ಕು ಕುರ್ಚಿ, ಮೂಗು ಮುಂದೆ ಚಾಚದ ಇಬ್ಬರು ಹಿರಿಯರು ಇದ್ದರೆ ಸಾಕು. ಸಮಿತಿಯ ಫಲಕದ ಮೇಲೆ ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446, ಮಾನಸಿಕ ಆರೋಗ್ಯದ ಟೆಲಿ ಮಾನಸ್ 14416 ಎಂಬ ಎರಡು ಸಂಖ್ಯೆಗಳನ್ನು ಬರೆಸಬಹುದು. ಇವೆರಡೂ ಉಚಿತ. ಫೋನ್ ಮಾಡುವ ಹೆಂಗಸು ಊರವರ ಕಣ್ಣಿಗೆ ಬೀಳಬೇಕಾಗಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆ ಪ್ರತ್ಯೇಕ ಕೇಂದ್ರವೇ ಇದೆ. ಮೊಬೈಲು, ಆಟಗಳ ಗೀಳಿಗೆ ಬಿದ್ದವರಿಗಾಗಿಯೂ ಅಲ್ಲಿ 2014ರಲ್ಲಿ ಕ್ಲಿನಿಕ್ ಶುರುವಾಯಿತು. ಪರದೆಯೇ ಮತ್ತೊಂದು ಚಟವಾಗದಂತೆ ನೋಡಿಕೊಳ್ಳಬೇಕಾದ ಕಾಲವಿದು. ಆದ್ದರಿಂದ ಕಣ್ಣಿಗೆ ಕಟ್ಟುವ ಯಂತ್ರ ವೈದ್ಯರ ಕೈಯಲ್ಲಿ ಔಷಧಿಯಂತೆ ಅಳತೆಯಲ್ಲಿರಬೇಕು.

ದುಲ್ಹಾಭಾಯಿ ಬಿಟ್ಟು ಎರಡು ವರ್ಷ ಮೇಲಾಯಿತು. ನಡುವೆ ಒಮ್ಮೆ ಜಾರಿದರು, ಮೂರು ದಿನ. ನಾಲ್ಕನೆಯ ದಿನ ತಾವೇ ಸಲಹೆಗಾರ್ತಿಗೆ ಫೋನ್ ಮಾಡಿದರು. ಬಟವಾಡೆ ಈಗ ಆಪಾಳ ಖಾತೆಗೆ ಹೋಗುತ್ತದೆ. ಸಂಜೆ ಆರಕ್ಕೆ ಮಗಳು ಗ್ಯಾರೇಜಿಗೆ ಬಂದು, ಅವರು ಕೈ ತೊಳೆಯುವಾಗ ಟವೆಲು ಹಿಡಿದು ನಿಲ್ಲುತ್ತಾಳೆ. ಮೊದಲ ವರ್ಷ ಮಂಡಕ್ಕಿ ಮಿರ್ಚಿ ಮನೆಗೇ ಬರುತ್ತಿರಲಿಲ್ಲ. ಈಗ ತಿಂಗಳಿಗೊಮ್ಮೆ ಆಪಾ ಮನೆಯಲ್ಲೇ ಮಿರ್ಚಿ ಕರಿಯುತ್ತಾಳೆ. ಎಣ್ಣೆ ಕಾಯುತ್ತಿರುವಾಗ ಅವರು ಅಡುಗೆಮನೆಯ ಬಾಗಿಲಲ್ಲೇ ನಿಂತಿರುತ್ತಾರೆ. ಮಕ್ಕಳ ಜೊತೆ ಕೂತು ತಿನ್ನುತ್ತಾರೆ, ಚಹಾ ಕುಡಿಯುತ್ತಾರೆ.